ಕ್ಷೌರದಂಗಡಿಯ ಮರದ ಬಾತುಗಳು

ಹಳೆಗನ್ನಡದಲ್ಲಿ ‘ದೀವ’ ಎಂಬ ಮಾತಿದೆ. ಬೇಟೆಗಾರನು ಕಾಡುಮೃಗಗಳನ್ನು ಸೆಳೆಯಲು ಮುಂದೆ ಬಿಡುವ ಪಳಗಿದ ಮೃಗವೇ ದೀವ. ಅಮೆರಿಕದಲ್ಲಿ ನೆಲೆಸಿರುವ ನಮಗೆ ಆ ಮಾತು ನೆನಪಾದದ್ದು ಇಲ್ಲಿನ ‘ಡಿಕಾಯ್’ ಎಂಬ ಮರದ ಬಾತುಗಳನ್ನು ಕಂಡಾಗ. (ಕಂಪ್ಯೂಟರಿನ ಕಸುಬಿನವರಾದ ನಾವೂ ಕನ್ನಗಳ್ಳರಿಗಾಗಿ ಹುಸಿ ಸರ್ವರ್ ಇಡುವವರೇ. ಪುಣ್ಯಕ್ಕೆ ಅದಕ್ಕೆ ಬಣ್ಣ ಬಳಿಯಬೇಕಿಲ್ಲ!)

ಈ ಉಪಾಯ ಇಲ್ಲಿನ ಮೂಲನಿವಾಸಿಗಳದ್ದು. 1924ರಲ್ಲಿ ನೆವಾಡಾದ ಲವ್‌ಲಾಕ್ ಗುಹೆಯಲ್ಲಿ ಸಿಕ್ಕ ಜೊಂಡಿನ ಬಾತುಗಳಿಗೆ ಸುಮಾರು 2000 ವರ್ಷ ವಯಸ್ಸು. ಯೂರೋಪಿನಿಂದ ಬಂದವರು ಅದನ್ನೇ ಮರದಲ್ಲಿ ಕೆತ್ತಿದರು. 19ನೇ ಶತಮಾನದಲ್ಲಿ ಚೆಸಪೀಕ್ ಕೊಲ್ಲಿಯ ಬಾತುಗಳನ್ನು ಕೊಂದು ಬಾಲ್ಟಿಮೋರ್, ಫಿಲಡೆಲ್ಫಿಯಾಗಳ ಹೋಟೆಲುಗಳಿಗೆ ಮಾರುವುದೇ ಒಂದು ದಂಧೆಯಾಗಿತ್ತು. 1918ರ ವಲಸೆ ಹಕ್ಕಿಗಳ ಕಾಯಿದೆ ಆ ಮಾರಾಟವನ್ನು ನಿಲ್ಲಿಸಿತು. ಹವ್ಯಾಸದ ಬೇಟೆ ಉಳಿಯಿತು.

ವಿಚಿತ್ರವೆಂದರೆ, ಮೇರಿಲ್ಯಾಂಡಿನ ಕ್ರಿಸ್‌ಫೀಲ್ಡ್ ಊರಿನ ವಾರ್ಡ್ ಸಹೋದರರು ತಮ್ಮ ಕಸುಬಿನ ಲೆಕ್ಕ ಹಿಡಿದದ್ದು ಅದೇ 1918ರಿಂದ. ಅಣ್ಣ ಸ್ಟೀವ್ (1895–1976), ತಮ್ಮ ಲೆಮ್ (1896–1984). ತಂದೆಯಂತೆ ಇಬ್ಬರೂ ಕ್ಷೌರಿಕರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಾತು ಕೆತ್ತುತ್ತಿದ್ದರು. ತಮ್ಮನ್ನು ‘ಮರದಲ್ಲಿ ನೀರುಹಕ್ಕಿಗಳ ನಕಲಿಗಾರರು’ ಎಂದು ಕರೆದುಕೊಂಡರು. ಎಂಥ ಪ್ರಾಮಾಣಿಕ ಬೋರ್ಡು!

ಹೆಚ್ಚಾಗಿ ಕೆತ್ತನೆ ಸ್ಟೀವರದು, ಬಣ್ಣ ಲೆಮ್ಮರದು. ಬಣ್ಣವೇ ಕಷ್ಟದ ಕೆಲಸ. ಬಿಸಿಲಿಗೆ ಮಿನುಗಿದರೆ ಆಕಾಶದ ಬಾತು ಹೆದರಿ ಹಾರಿಹೋಗುತ್ತದೆ, ಆದ್ದರಿಂದ ಹೊಳಪಿಲ್ಲದ ಬಣ್ಣವೇ ಬೇಕು. ಕತ್ತು ಒಂದಿಷ್ಟು ಪಕ್ಕಕ್ಕೆ ತಿರುಗಿದ್ದರೆ ಹಕ್ಕಿ ನಿಶ್ಚಿಂತೆಯಿಂದಿದೆ ಎನಿಸಬೇಕು. ಲೆಮ್ ಕ್ಯಾನ್ವಾಸಿನ ಮೇಲೂ ಚಿತ್ರ ಬರೆದರು: ಕೊಲ್ಲಿಯ ಜೌಗು, ಹುಲ್ಲು, ಇಳಿಯುವ ಹಕ್ಕಿಗಳು. ಇದನ್ನು ಬೇರೆ ಹವ್ಯಾಸವೆಂದು ನಮಗೆ ಅನಿಸುವುದಿಲ್ಲ. ಯಾವ ನೀರಿನಲ್ಲಿ, ಯಾವ ಬೆಳಕಿನಲ್ಲಿ ತೇಲಬೇಕೆಂದು ತಿಳಿಯದವನು ಬಾತಿಗೆ ಬಣ್ಣ ಹಾಕಲಾರ. ಸ್ಟೀವರಿಗೋ ಪದ್ಯದ ಹುಚ್ಚು. ನಮ್ಮ ಬಳಗಕ್ಕೆ ಸಲ್ಲತಕ್ಕವರು!

ಮೊದಮೊದಲು ಒಂದೆರಡು ಡಾಲರಿಗೆ ಮಾರಿದ ಬಾತುಗಳಿಗೆ ಮುಂದೆ ಸಾವಿರಾರು ಡಾಲರು ಬೆಲೆ ಬಂತು. ಆ ಹಣ ಹರಾಜಿನವರಿಗೆ ಹೋಯಿತು, ಕೆತ್ತಿದವರಿಗಲ್ಲ ಎಂಬುದು ನಮ್ಮ ತಕರಾರು. ಬರಬರುತ್ತ ಸಹೋದರರೂ ಕಪಾಟಿನ ಬಾತುಗಳನ್ನೇ ಮಾಡತೊಡಗಿದರು. ರೆಕ್ಕೆಯ ಗೆರೆಗಳು ಸೂಕ್ಷ್ಮವಾದವು, ನೀರಿನ ನಂಟು ತಪ್ಪಿತು. ಲೆಮ್ಮರಿಗೆ 1983ರಲ್ಲಿ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಸಂದಿತು. ಮರುವರ್ಷ ಅವರು ತೀರಿಕೊಂಡರು. ನಮಗೆ ಇಂದಿಗೂ ಇಷ್ಟವಾಗುವುದು ಅವರ ಹಳೆಯ, ಗುಂಡೇಟಿನ ಕಲೆಗಳಿರುವ, ಬಣ್ಣ ಸವೆದ ಬಾತುಗಳೇ.