ಮರದ ಕುದುರೆ, ಹೊಟ್ಟಿನ ರಾಶಿ

ನಮ್ಮ ಶಲವಡಿ ಕಡೆ ಹುಡುಗರಿಗೆ ಜಿಗಿಯೋದನ್ನ ಯಾರೂ ಕಲಿಸೋದಿಲ್ಲ. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಹೊಟ್ಟಿನ ರಾಶಿ ಬಿದ್ದಿರುತ್ತೆ. ಬಣವಿ ಹತ್ತೋದು, ರಾಶಿಯೊಳಗೆ ಹಾರೋದು, ಮೈಯೆಲ್ಲ ತುರಿಸಿಕೊಂಡು ಮತ್ತೆ ಹತ್ತೋದು. ಯರಿ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತೆ ಆಗಿರುತ್ತೆ. ಹಾಗಾಗಿ ದೊಡ್ಡವರ ಬೈಗುಳ ಒಂದೇ - "ಹಾರ್ರಿ ಬೇಕಾದ್ರ, ಆದ್ರ ಹೊಟ್ಟಿನ್ಯಾಗ ಹಾರ್ರಿ!"

ಇದೆಲ್ಲ ಈಗ ಯಾಕೆ ಅಂದ್ರೆ, ಬೆಂಗಳೂರಲ್ಲಿರೋ ನನ್ನ ತಂಗಿಯ ಮಗಳು ಜಿಮ್ನಾಸ್ಟಿಕ್ಸ್ ಕಲೀತಿದ್ದಾಳೆ. ಹತ್ತು ವರ್ಷ. ವಾಲ್ಟ್‌ನಲ್ಲಿ ಇನ್ನೂ ಕಷ್ಟದ ಜಿಗಿತಗಳನ್ನ ಶುರು ಮಾಡಬಹುದು ಅಂತ ಕೋಚ್ ಹೇಳಿದ್ದಾರಂತೆ. ಹ್ಞೂಂ ಅನ್ನಲೋ ಬೇಡ ಅನ್ನಲೋ ಅಂತ ತಂಗಿ ಫೋನ್ ಮಾಡಿದ್ದಳು. ನನಗೆ ಲಾಗ ಹಾಕೋಕೂ ಬರಲ್ಲ :) ಆದ್ರೆ ಹಳೇ ಸಂಗತಿ ಕೆದಕೋ ಚಟ ಇದೆಯಲ್ಲ, ಹಾಗಾಗಿ ಕೂತು ಓದಿದೆ. ಓದಿದ್ದನ್ನ ಇಲ್ಲಿ ಹಾಕ್ತಿದ್ದೀನಿ.

ವಾಲ್ಟ್ ಅಂದ್ರೆ ಮೂಲದಲ್ಲಿ ಕುದುರೆಯೇ. ರೋಮನ್ ಸೈನ್ಯದಲ್ಲಿ ಹೊಸಬರಿಗೆ ಕುದುರೆ ಏರೋದನ್ನ ಮರದ ಕುದುರೆ ಮೇಲೆ ಕಲಿಸುತ್ತಿದ್ದರು ಅಂತ ವೆಜಿಟಿಯಸ್ ಬರೆದಿದ್ದಾನೆ. 1811ರಲ್ಲಿ ಬರ್ಲಿನ್ ಹತ್ತಿರ ಫ್ರೀಡ್ರಿಕ್ ಯಾನ್ ಬಯಲು ವ್ಯಾಯಾಮಶಾಲೆ ತೆರೆದ. ಅಲ್ಲಿಂದ ಈ ಮರದ ಕುದುರೆ ಸೈನಿಕರ ಕೈಯಿಂದ ಶಾಲೆ ಹುಡುಗರ ಕೈಗೆ ಬಂತು. ಆಮೇಲೆ ಒಲಿಂಪಿಕ್ಸ್. ಗಂಡಸರಿಗೆ ಕುದುರೆ ಉದ್ದಕ್ಕೆ, ಹೆಂಗಸರಿಗೆ ಅಡ್ಡಕ್ಕೆ.

ನಮ್ಮಲ್ಲಿ ಕುದುರೆ ಬದಲು ಕಂಬ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲರ ಕಂಬದ ವ್ಯಾಯಾಮದ ಮಾತು ಬರುತ್ತೆ. ಅದೇ ವಂಶದ ಕೊನೆಯ ದೊರೆ ನಾಲ್ಕನೇ ಸೋಮೇಶ್ವರ ನಮ್ಮ ಪಕ್ಕದ ಅಣ್ಣಿಗೇರಿಯಲ್ಲಿ ಕೂತು ಆಳಿದವನು. ಅಂದ್ರೆ ಇದು ನಮಗೆ ಎಲ್ಲೋ ದೂರದ ವಿದ್ಯೆ ಏನಲ್ಲ. ಬಾಗಲಕೋಟೆ ಕಡೆ ತುಳಸಿಗೇರಿಯ ಮಕ್ಕಳು ಮಲ್ಲಕಂಬ ಏರೋದನ್ನ ನೋಡಿದವರಿಗೆ ಗೊತ್ತು, ಎದೆ ಝಲ್ ಅನ್ನುತ್ತೆ. ಆದ್ರೆ ನನ್ನ ಕಣ್ಣು ಹೋಗೋದು ಕಂಬದ ಬುಡಕ್ಕೆ. ಗರಡಿಯ ಮಣ್ಣನ್ನ ಅಗೆದು, ಜರಡಿ ಹಿಡಿದು, ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡ್ತಾರೆ. ಉಸ್ತಾದರು ಮೊದಲು ಈ ಮಣ್ಣಿನ ಕೆಲಸ ಮಾಡಿಸ್ತಾರೆ, ಆಟ ಆಮೇಲೆ.

ವಾಲ್ಟ್‌ನ ಇತಿಹಾಸದಲ್ಲಿ ಈ ಕ್ರಮ ಉಲ್ಟಾ ಆಯ್ತು ಅನ್ನೋದೇ ನನಗೆ ಕಂಡದ್ದು. ಜಿಗಿತ ಮೊದಲು ಬೆಳೀತು, ಮಣ್ಣು ಹಿಂದೆ ಉಳೀತು.

1970ರಲ್ಲಿ ಜಪಾನಿನ ಮಿತ್ಸುವೊ ತ್ಸುಕಾಹಾರ ಅರ್ಧ ತಿರುಗಿ ಕುದುರೆ ಮುಟ್ಟಿ ಹಿಂದಕ್ಕೆ ಪಲ್ಟಿ ಹೊಡೆದ. (ಅವನ ಮಗ ನವೋಯ ಕೂಡ 2004ರ ಅಥೆನ್ಸಿನಲ್ಲಿ ಜಪಾನ್ ತಂಡದ ಜೊತೆ ಚಿನ್ನ ಗೆದ್ದ. ಅಪ್ಪನ ಹೆಸರಿನ ಜಿಗಿತ ಇರೋ ಮನೆಯಲ್ಲಿ ಬೆಳೆಯೋದು ಹೇಗಿರುತ್ತೋ!) 1982ರಲ್ಲಿ ಸೋವಿಯತ್ತಿನ ನತಾಲಿಯಾ ಯುರ್ಚೆಂಕೊ ಇನ್ನೂ ಮುಂದೆ ಹೋದಳು. ಓಡಿ ಬಂದು ಸ್ಪ್ರಿಂಗ್ ಬೋರ್ಡಿಗೂ ಮುಂಚೆ ನೆಲಕ್ಕೆ ಕೈ ಊರಿ ಪಲ್ಟಿ ಹೊಡೆದು, ಕುದುರೆಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಇಳಿದು, ಅಲ್ಲಿಂದ ಹಿಂದಕ್ಕೆ ಹಾರೋದು. ಅಂದ್ರೆ ಬೋರ್ಡ್ ತುಳಿಯೋ ಹೊತ್ತಿಗೆ ಮಗುವಿಗೆ ಕುದುರೆ ಕಾಣಿಸೋದೇ ಇಲ್ಲ! ಕಾಲು ಒಂದಿಷ್ಟು ಆಚೀಚೆ ಬಿದ್ದರೆ ತಲೆ ನೇರವಾಗಿ ಕುದುರೆಗೆ. ಅಂಕ ಮಾತ್ರ ಜಾಸ್ತಿ, ಹಾಗಾಗಿ ಎಲ್ಲರೂ ಅದನ್ನೇ ಕಲಿಯೋಕೆ ಶುರು ಮಾಡಿದರು.

1988ರ ಮೇ ತಿಂಗಳಲ್ಲಿ ಟೋಕಿಯೊದಲ್ಲಿ ಅಮೆರಿಕದ ಜೂಲಿಸ್ಸಾ ಗೊಮೆಜ್ ಎಂಬ 15 ವರ್ಷದ ಹುಡುಗಿಗೆ ಹಾಗೇ ಆಯ್ತು. ಸ್ಪರ್ಧೆಗೆ ಮುಂಚಿನ ಅಭ್ಯಾಸ. ಕಾಲು ಬೋರ್ಡಿನಿಂದ ಜಾರಿತು, ತಲೆ ಕುದುರೆಗೆ ಬಡಿಯಿತು, ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಹೋಯಿತು. ಮೂರು ವರ್ಷ ಹಾಗೇ ಇದ್ದು 1991ರಲ್ಲಿ ತೀರಿಕೊಂಡಳು. ಆ ಜಿಗಿತ ಅವಳಿಗೆ ಸರಿಯಾಗಿ ಕೂತಿರಲಿಲ್ಲ ಅನ್ನೋದು ಜೊತೆಗಿದ್ದವರಿಗೆ ಮೊದಲೇ ಅನ್ನಿಸಿತ್ತು ಅಂತ ಆಮೇಲೆ ಬಂದ ಬರಹಗಳಲ್ಲಿದೆ. ಇದನ್ನ ಓದಿದ ದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅದಾದ ಮೇಲೆ ಬೋರ್ಡಿನ ಸುತ್ತ ಇಂಗ್ಲಿಷಿನ ಯು ಅಕ್ಷರದ ಆಕಾರದ ಮೆತ್ತೆ ಹಾಕೋ ಪದ್ಧತಿ ಬಂತು. ಅದಕ್ಕೆ ಕಾಲರ್ ಅಂತಾರೆ. ಈಗ ಅದು ಇಲ್ಲದೆ ಯುರ್ಚೆಂಕೊ ಜಿಗಿತ ಮಾಡಿದರೆ ಅಂಕ ಸೊನ್ನೆ. ಒಂದು ಮೆತ್ತೆ! ಅದು ಬರೋಕೆ ಒಂದು ಕುತ್ತಿಗೆ ಮುರೀಬೇಕಾಯ್ತು.

ಇನ್ನೊಂದು ಸಂಗತಿ 2000ದ ಸಿಡ್ನಿ ಒಲಿಂಪಿಕ್ಸಿನದು. ಹೆಂಗಸರ ಆಲ್‌ರೌಂಡ್ ಫೈನಲ್. ಕುದುರೆಯ ಎತ್ತರ 125 ಸೆಂ.ಮೀ. ಇರಬೇಕಿತ್ತು, 120ಕ್ಕೆ ಇಟ್ಟುಬಿಟ್ಟಿದ್ದರು. ಒಬ್ಬರಾದ ಮೇಲೊಬ್ಬರು ಬೀಳೋರೇ. ಚಿನ್ನ ಗೆಲ್ಲಬಹುದು ಅಂದುಕೊಂಡಿದ್ದ ಖೋರ್ಕಿನಾ ಕೂಡ ಬಿದ್ದಳು. ಜಗತ್ತಿನ ದೊಡ್ಡ ದೊಡ್ಡ ಅಧಿಕಾರಿಗಳೆಲ್ಲ ಅಲ್ಲೇ ಕೂತಿದ್ದರು. ಎತ್ತರ ಸರಿಯಿಲ್ಲ ಅಂತ ಕಂಡುಹಿಡಿದು ದೂರು ಕೊಟ್ಟದ್ದು ಆಸ್ಟ್ರೇಲಿಯಾದ 16ರ ಹುಡುಗಿ ಅಲಾನಾ ಸ್ಲೇಟರ್. ಅಳತೆ ಪಟ್ಟಿ ಬಂತು, ನಿಜವಾಗಿಯೂ 5 ಸೆಂ.ಮೀ. ಕಡಿಮೆ! ತಂಗಿಗೆ ನಾನು ಎರಡೆರಡು ಸಲ ಹೇಳಿದ ಕತೆ ಇದೇ. ಮಗು "ಇವತ್ತು ಏನೋ ಸರಿ ಅನಿಸ್ತಿಲ್ಲ" ಅಂದ್ರೆ ಅದನ್ನ ಸೋಮಾರಿತನ ಅಂತ ತಳ್ಳಿಹಾಕೋ ಮುಂಚೆ ಅಳತೆ ಪಟ್ಟಿ ಹುಡುಕಬೇಕು.

2001ರಿಂದ ಕುದುರೆಯೇ ಹೋಯ್ತು. ಅದರ ಜಾಗಕ್ಕೆ ಅಗಲವಾದ, ಮುಂದೆ ಬಾಗಿದ, ಮೆತ್ತನೆ ಟೇಬಲ್ ಬಂತು. ಕೈ ಊರೋಕೆ ಜಾಗ ಜಾಸ್ತಿ ಆಯ್ತು. ಅದಕ್ಕೂ ಮುಂಚೆ, 1997ರಲ್ಲಿ, ದೊಡ್ಡ ಅಂತಾರಾಷ್ಟ್ರೀಯ ಸ್ಪರ್ಧೆಗೆ ಹುಡುಗಿಯರ ಕನಿಷ್ಠ ವಯಸ್ಸನ್ನ 16ಕ್ಕೆ ಏರಿಸಿದ್ದರು.

ನಮ್ಮ ದೇಶದಲ್ಲಿ ವಾಲ್ಟ್ ಅಂದ ಕೂಡಲೇ ನೆನಪಾಗೋದು ಅಗರ್ತಲಾದ ದೀಪಾ ಕರ್ಮಾಕರ್. ಅಪ್ಪ ವೇಟ್‌ಲಿಫ್ಟಿಂಗ್ ಕೋಚ್. ಮಗಳದು ಚಪ್ಪಟೆ ಪಾದ. ಶುರುವಿನಲ್ಲಿ ಅಲ್ಲಿ ಸರಿಯಾದ ಸಲಕರಣೆಯೇ ಇಲ್ಲದೆ ಮ್ಯಾಟ್ ಪೇರಿಸಿ ಕಲಿಸಿದರು ಕೋಚ್ ಬಿಶ್ವೇಶ್ವರ ನಂದಿ. 2016ರ ರಿಯೊದಲ್ಲಿ ಪ್ರೊಡುನೊವಾ ಜಿಗಿತ ಮಾಡಿ 15.066 ಅಂಕ, ನಾಲ್ಕನೇ ಸ್ಥಾನ, ಪದಕ 0.150ರಲ್ಲಿ ತಪ್ಪಿತು. ನಾವೆಲ್ಲ ರಾತ್ರಿ ಎದ್ದು ಟಿವಿ ನೋಡಿದ್ದೆವು. ಮುಂದಕ್ಕೆ ಎರಡು ಪಲ್ಟಿ ಹೊಡೆದು ಇಳಿಯೋ ಆ ಜಿಗಿತಕ್ಕೆ ಆಗ 7.0 ಕಷ್ಟಾಂಕ. ಮುಂದಿನ ವರ್ಷ ಅದನ್ನ 6.4ಕ್ಕೆ ಇಳಿಸಿದರು, ಸಾಹಸಕ್ಕೆ ಆಸೆ ಹುಟ್ಟಿಸೋದು ಸ್ವಲ್ಪವಾದರೂ ಕಡಿಮೆ ಆಗುತ್ತೆ. 2017ರಲ್ಲಿ ದೀಪಾಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯ್ತು. ಆದರೂ 2024ರ ಮೇನಲ್ಲಿ, 30ರ ವಯಸ್ಸಿನಲ್ಲಿ, ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ವಾಲ್ಟ್ ಚಿನ್ನ ಗೆದ್ದು, ಅದೇ ಅಕ್ಟೋಬರಿನಲ್ಲಿ ನಿವೃತ್ತಿ ಹೇಳಿದಳು. ಮೂವತ್ತಕ್ಕೂ ಗೆಲ್ಲಬಹುದಾದ ಆಟದಲ್ಲಿ ಹತ್ತು ವರ್ಷದ ಮಗುವಿಗೆ ಅವಸರ ಯಾಕೆ ಅಂತ ನನಗೆ ಅರ್ಥವಾಗಲ್ಲ.

ಇಷ್ಟು ಓದಿಕೊಂಡು ತಂಗಿಗೆ ಒಂದಿಷ್ಟು ಪ್ರಶ್ನೆ ಬರೆದುಕೊಟ್ಟೆ. ಸ್ಪಂಜಿನ ಗುಂಡಿ ಇದೆಯಾ? ಗುಂಡಿಯಿಂದ ಗಟ್ಟಿ ಮ್ಯಾಟಿಗೆ ಬರೋ ಮುಂಚೆ ಮಧ್ಯದಲ್ಲಿ ಮೆತ್ತನೆ ಮ್ಯಾಟ್ ಹಾಕ್ತೀರಾ? ಒಂದು ದಿನಕ್ಕೆ ಎಷ್ಟು ಜಿಗಿತ, ಯಾರು ಲೆಕ್ಕ ಇಡ್ತಾರೆ? ಮಣಿಕಟ್ಟು ನೋವು ಅಂದ್ರೆ ಏನು ಮಾಡ್ತೀರಾ? (ಬೆಳೆಯೋ ಮೂಳೆಯ ತುದಿಗೆ ಪೆಟ್ಟು ಬೀಳೋದು ಈ ಆಟದಲ್ಲಿ ಸಾಮಾನ್ಯ, ಬರೇ ಬ್ಯಾಂಡೇಜ್ ಸುತ್ತಿ ಕಳಿಸೋದಲ್ಲ.) ಬೇಡ ಅಂದ ಮಗುವನ್ನ ಅವತ್ತಿಗೆ ಬಿಡ್ತೀರಾ?

ಕೋಚ್ ಬೇಜಾರು ಮಾಡ್ಕೊಳ್ತಾರೇನೋ ಅಂತ ತಂಗಿಗೆ ಭಯ. ಅವರು ಬೇಜಾರು ಮಾಡ್ಕೊಳ್ಳಲಿಲ್ಲವಂತೆ. ಗುಂಡಿ ತೋರಿಸಿದರು, ಹಂತ ಹೇಳಿದರು. ಈಗ ಹುಡುಗಿ ಟೇಬಲ್ ಎತ್ತರಕ್ಕೆ ಪೇರಿಸಿದ ಮ್ಯಾಟಿನ ಮೇಲೆ ಕೈ ಊರಿ ಬೆನ್ನ ಮೇಲೆ ಬೀಳೋದನ್ನ ಮಾಡ್ತಿದ್ದಾಳೆ. ಅದೇ ಅದೇ, ತಿಂಗಳಾದವು. ಅವಳಿಗೆ ಬೇಸರ, ಅವಳಮ್ಮನಿಗೆ ನಿದ್ದೆ ಬರ್ತಿದೆ.

ನಿಮ್ಮೂರ ಗರಡಿಯಲ್ಲಿ ಮಲ್ಲಕಂಬ ಇತ್ತಾ? ಅಲ್ಲಿ ಮಣ್ಣಿಗೆ ಏನೇನು ಹಾಕ್ತಿದ್ರು ಅಂತ ಗೊತ್ತಿದ್ರೆ ಬರೀರಿ. ನವಲಗುಂದ, ಅಣ್ಣಿಗೇರಿ ಕಡೆಯವರು ಖಂಡಿತಾ ಬರೀರಿ, ಯರಿ ನಾಡಿಗೆ ಕೆಂಪು ಮಣ್ಣು ಎಲ್ಲಿಂದ ತರಿಸ್ತಿದ್ರು ಅನ್ನೋದು ನನ್ನ ತಲೇಲಿ ಕೊರೀತಾ ಇದೆ.