ಹಿತ್ತಾಳೆಯ ಬಿಲ್ಲೆ, ಉಕ್ಕಿನ ಅಚ್ಚು: ಬ್ರಿಟಿಷ್ ಸೇನೆಯ ಟೋಪಿ ಬ್ಯಾಡ್ಜುಗಳ ಅಸಲು ಮತ್ತು ನಕಲು

ಬ್ರಿಟಿಷ್ ಸೈನಿಕನ ಟೋಪಿಯ ಮುಂಭಾಗದಲ್ಲಿದ್ದು ಅವನ ರೆಜಿಮೆಂಟನ್ನು ಸಾರುವ ಲೋಹದ ಬಿಲ್ಲೆ, ಅಂದರೆ ಕ್ಯಾಪ್ ಬ್ಯಾಡ್ಜ್, ಇಂದು ಪರಿಚಿತವಾಗಿರುವ ರೂಪದಲ್ಲಿ ನೆಲೆಗೊಂಡದ್ದು 19ನೆಯ ಶತಮಾನದ ಕೊನೆಯ ದಶಕದಲ್ಲಿ. 1881ರಲ್ಲಿ ಯುದ್ಧಮಂತ್ರಿ ಹ್ಯೂ ಚಿಲ್ಡರ್ಸ್ ಜಾರಿಗೆ ತಂದ ಸುಧಾರಣೆಗಳು, ಅದುವರೆಗೆ ಮುಖ್ಯವಾಗಿ ಸಂಖ್ಯೆಗಳಿಂದ ಗುರುತಿಸಿಕೊಳ್ಳುತ್ತಿದ್ದ ಪದಾತಿ ದಳಗಳನ್ನು ಜೋಡಿಸಿ ಕೌಂಟಿಗಳ ಹೆಸರಿನ ರೆಜಿಮೆಂಟುಗಳನ್ನಾಗಿ ಮಾಡಿದ್ದರಿಂದ, ಹಳೆಯ ದಳಗಳ ಲಾಂಛನಗಳನ್ನು ಬೆರೆಸಿ ಹೊಸ ಚಿಹ್ನೆಗಳನ್ನು ರೂಪಿಸುವ ಅಗತ್ಯ ಹುಟ್ಟಿತ್ತು. ಆ ಚಿಹ್ನೆಗಳನ್ನು ಯಾರು ಬೇಕಾದರೂ ನಕಲು ಮಾಡಬಹುದಾದ್ದರಿಂದ, ಬಿಲ್ಲೆಯ ಮುಖದ ಚಿತ್ರ ಅದರ ಅಸಲಿತನಕ್ಕೆ ಸಾಕ್ಷಿಯಾಗದು. ಸಾಕ್ಷಿ ಇರುವುದು ಅದನ್ನು ತಯಾರಿಸಿದ ವಿಧಾನದಲ್ಲಿ, ಮುಖ್ಯವಾಗಿ ಅದರ ಬೆನ್ನಿನಲ್ಲಿ.

ಮುಖದ ಮೇಲೆ ಕಾಲವನ್ನು ನೇರವಾಗಿ ಹೇಳುವ ಗುರುತೆಂದರೆ ಕಿರೀಟ. ವಿಕ್ಟೋರಿಯಾ ರಾಣಿ 1901ರಲ್ಲಿ ತೀರಿಕೊಂಡ ಮೇಲೆ ಕಮಾನುಗಳು ಗುಮ್ಮಟದಂತೆ ದುಂಡಾಗಿರುವ ‘ರಾಜ ಕಿರೀಟ’ವೂ, 1952ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ಕಮಾನುಗಳು ನಡುವೆ ತಗ್ಗಿದ ‘ರಾಣಿ ಕಿರೀಟ’ವೂ ಬಳಕೆಗೆ ಬಂದವು. ಆದ್ದರಿಂದ 1922ರಲ್ಲಿ ವಿಸರ್ಜನೆಗೊಂಡ ಐರಿಷ್ ರೆಜಿಮೆಂಟುಗಳಲ್ಲೊಂದಾದ ಕನಾಟ್ ರೇಂಜರ್ಸಿನ ಬಿಲ್ಲೆಯಲ್ಲಿ ರಾಣಿ ಕಿರೀಟ ಕಂಡರೆ ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ. ಭಾರತೀಯ ಸೇನೆಯ ಬಿಲ್ಲೆಗಳಿಗೂ ಇಂಥದೊಂದು ಗಡಿ ಇದೆ: 1950ರಲ್ಲಿ ದೇಶ ಗಣರಾಜ್ಯವಾದಾಗ ಕಿರೀಟದ ಸ್ಥಾನವನ್ನು ಅಶೋಕನ ಸಿಂಹಸ್ತಂಭ ಪಡೆಯಿತು. ಬ್ರಿಟನ್ನಿನಲ್ಲಿ ಮಾತ್ರ ಈ ಸೂತ್ರ ಮತ್ತೆ ಗೋಜಲಾಗಿದೆ. 2022ರಲ್ಲಿ ಮೂರನೆಯ ಚಾರ್ಲ್ಸ್ ದುಂಡು ಕಮಾನಿನ ಕಿರೀಟವನ್ನೇ ಆರಿಸಿಕೊಂಡದ್ದರಿಂದ ಹಳೆಯ ಆಕೃತಿಯೇ ಹೊಸ ಬಿಲ್ಲೆಗಳಲ್ಲಿ ಮರಳಿದೆ.

ಈ ಬಿಲ್ಲೆಗಳ ತಯಾರಿಕೆಯ ದೊಡ್ಡ ಕೇಂದ್ರ ಬರ್ಮಿಂಗ್‌ಹ್ಯಾಮ್, ಜೆ. ಆರ್. ಗಾಂಟ್ ಮೊದಲಾದ ಕಾರ್ಖಾನೆಗಳು ಅಲ್ಲಿದ್ದವು. ಹಿತ್ತಾಳೆಯ ತಗಡನ್ನಾಗಲಿ, ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣವಾದ ‘ಬಿಳಿ ಲೋಹ’ದ ತಗಡನ್ನಾಗಲಿ ಉಕ್ಕಿನ ಅಚ್ಚಿನ ಮೇಲಿಟ್ಟು, ಮೇಲಿನಿಂದ ಭಾರವನ್ನು ಬೀಳಿಸಿ ಒತ್ತುತ್ತಿದ್ದರು. ಹೀಗೆ ಒತ್ತಿದ ಬಿಲ್ಲೆಯಲ್ಲಿ ಮುಂದಿನ ಉಬ್ಬು ಹಿಂದೆ ತಗ್ಗಾಗಿ ಸ್ಪಷ್ಟವಾಗಿ ಮೂಡುತ್ತದೆ, ಅಕ್ಷರಗಳ ಅಂಚು ಚೂಪಾಗಿರುತ್ತದೆ, ಚಿತ್ರದ ನಡುವಿನ ಬಯಲುಗಳನ್ನು ಬೇರೆ ಉಪಕರಣದಿಂದ ಕತ್ತರಿಸಿ ತೆಗೆದದ್ದು ಕಾಣುತ್ತದೆ. ಅಸಲಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ದ ನಕಲಾದರೋ ಲೋಹ ಆರುವಾಗ ಕುಗ್ಗುವುದರಿಂದ ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿ, ಮೈಯೆಲ್ಲ ಸಣ್ಣ ಸಣ್ಣ ಕುಳಿಗಳಿಂದ ಒರಟಾಗಿರುತ್ತದೆ. ಆದರೆ ಎರಕವೆಂದಾಕ್ಷಣ ನಕಲೆಂದು ತೀರ್ಮಾನಿಸುವುದು ಅವಸರವಾದೀತು. ಭಾರತದ ದಂಡುಗಳಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ದಳಗಳಿಗೆ ಇಲ್ಲಿನ ಬಜಾರಿನ ಕಸುಬುದಾರರು ಮರಳಿನ ಅಚ್ಚಿನಲ್ಲಿ ಹಿತ್ತಾಳೆ ಬಿಲ್ಲೆಗಳನ್ನು ಹೊಯ್ದು ಕೊಡುತ್ತಿದ್ದರು. ಒರಟಾದ ಈ ಬಿಲ್ಲೆಗಳನ್ನು ಸೈನಿಕರು ನಿಜವಾಗಿಯೂ ಧರಿಸಿದ್ದರಿಂದ ಅವು ಅಸಲಿಯೇ, ಕೆಲವೊಮ್ಮೆ ಕಾರ್ಖಾನೆಯ ಮಾಲಿಗಿಂತ ಹೆಚ್ಚು ಬೆಲೆಬಾಳುವಂಥವು.

ಬಿಲ್ಲೆಯನ್ನು ಟೋಪಿಗೆ ಸಿಕ್ಕಿಸುವ ಏರ್ಪಾಡು ಇನ್ನೂ ಹೆಚ್ಚು ಮಾತಾಡುತ್ತದೆ. ಮೊದಮೊದಲು ಹಿಂಬದಿಯಲ್ಲಿ ತಾಮ್ರದ ತಂತಿಯ ಎರಡು ಬಳೆಗಳಿದ್ದು ಅವುಗಳೊಳಗೆ ಸೀಳುಪಿನ್ನನ್ನು ತೂರಿಸುತ್ತಿದ್ದರು. 20ನೆಯ ಶತಮಾನದ ಮೊದಲ ದಶಕದಿಂದ ಟೋಪಿಯ ಸೀಳಿನಲ್ಲಿ ಇಳಿಬಿಡುವ ಚಪ್ಪಟೆ ಪಟ್ಟಿ, ಅಂದರೆ ಸ್ಲೈಡರ್, ಬಂದಿತು. ಅಸಲಿಯಲ್ಲಿ ಈ ಪಟ್ಟಿಯನ್ನು ಹೆಚ್ಚಿನ ಶಾಖದ ಗಟ್ಟಿ ಬೆಸುಗೆಯಿಂದ ಅಚ್ಚುಕಟ್ಟಾಗಿ ಕೂರಿಸಿರುತ್ತಾರೆ. ಪಟ್ಟಿಯ ಸುತ್ತ ಬೂದುಬಣ್ಣದ ಮೆದು ಬೆಸುಗೆ ಗುಡ್ಡೆಗಟ್ಟಿದ್ದರೆ ದುರಸ್ತಿಯೋ ವಂಚನೆಯೋ ನಡೆದಿರುತ್ತದೆ. ಸವೆತವೂ ತಾಳೆಯಾಗಬೇಕು. ವರ್ಷಗಟ್ಟಲೆ ಪಾಲಿಶ್ ಮಾಡಿದ ಬಿಲ್ಲೆಯ ಎತ್ತರದ ಭಾಗಗಳಷ್ಟೇ ನುಣುಪಾಗುತ್ತವೆ. ರಾಸಾಯನಿಕದಿಂದ ಮುದಿಮಾಡಿದ್ದರಲ್ಲಿ ಕಪ್ಪು ಎಲ್ಲೆಡೆ ಒಂದೇ ಸಮನಾಗಿರುತ್ತದೆ. ಅಧಿಕಾರಿಗಳ ಬೆಳ್ಳಿಯ ಬಿಲ್ಲೆಗಳ ವಿಷಯದಲ್ಲಿ ಇಷ್ಟು ಶ್ರಮವಿಲ್ಲ, ಏಕೆಂದರೆ ಬರ್ಮಿಂಗ್‌ಹ್ಯಾಮಿನ ಲಂಗರಿನ ಮುದ್ರೆಯ ಜೊತೆಗಿರುವ ವರ್ಷಸೂಚಕ ಅಕ್ಷರವನ್ನು ಓದಿದರೆ ಸಾಕು.

ಮೊದಲ ಮಹಾಯುದ್ಧದ ಒತ್ತಡದಲ್ಲಿ, 1916ರಲ್ಲಿ, ಎರಡು ಲೋಹಗಳ ಬಿಲ್ಲೆಗಳನ್ನು ಉಳಿತಾಯಕ್ಕಾಗಿ ಬರೀ ಹಿತ್ತಾಳೆಯಲ್ಲಿ ಒತ್ತಲಾಯಿತು. ಅಲ್ಪಕಾಲ ಬಾಳಿದ ಈ ಮಾದರಿಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆ ಹೆಚ್ಚಿದ್ದರಿಂದ ನಕಲುಗಾರರ ಕಣ್ಣೂ ಅವುಗಳ ಮೇಲೆ ಬಿತ್ತು. 1973ರಲ್ಲಿ ಕಿಪ್ಲಿಂಗ್ ಮತ್ತು ಕಿಂಗ್ ಎಂಬಿಬ್ಬರು ಬ್ರಿಟಿಷ್ ಸೇನೆಯ ಶಿರಸ್ತ್ರಾಣ ಬಿಲ್ಲೆಗಳ ಸಚಿತ್ರ ಕೋಶದ ಮೊದಲ ಸಂಪುಟವನ್ನು ಪ್ರಕಟಿಸಿದ ಮೇಲೆ ಅದರ ಕ್ರಮಸಂಖ್ಯೆಗಳೇ ಸಂಗ್ರಾಹಕರ ವ್ಯವಹಾರದ ಭಾಷೆಯಾದವು. ಏನು ಅಪರೂಪ, ಏನನ್ನು ತಯಾರಿಸಿದರೆ ಲಾಭ ಎಂಬುದನ್ನು ನಕಲುಗಾರನಿಗೂ ಆ ಪುಟಗಳೇ ತಿಳಿಸಿರಬೇಕು.

ಎಲ್ಲಕ್ಕಿಂತ ಜಟಿಲವಾದದ್ದು ಮರುಒತ್ತು, ಅಂದರೆ ಹಳೆಯ ಅಸಲಿ ಅಚ್ಚಿನಿಂದಲೇ ದಶಕಗಳ ನಂತರ ಒತ್ತಿದ ಬಿಲ್ಲೆ. ಉಕ್ಕಿನ ಅಚ್ಚು ರೆಜಿಮೆಂಟಿಗಿಂತ ದೀರ್ಘಾಯುಷಿ. ದಳಗಳು ವಿಲೀನವಾಗಿ ಹೆಸರಳಿದ ಮೇಲೂ ಅಚ್ಚುಗಳು ಕಪಾಟಿನಲ್ಲಿ ಉಳಿದು ಕೈಯಿಂದ ಕೈಗೆ ದಾಟಿದವು. ಅವುಗಳಿಂದ ಒತ್ತಿದ ಬಿಲ್ಲೆಯಲ್ಲಿ ಪ್ರತಿ ಗೆರೆಯೂ ಮೂಲದ್ದೇ ಆಗಿರುವುದರಿಂದ ಮುಖವನ್ನಷ್ಟೇ ನೋಡುವವನು ಸೋಲುವುದು ಖಚಿತ, ಕಾರ್ಖಾನೆಯ ಹೆಸರಿನ ಮುದ್ರೆಯಿದ್ದರೂ ಅದು ಭರವಸೆಯಲ್ಲ. ಬಹುಕಾಲ ಬಳಕೆಯಾದ ಅಚ್ಚಿನ ಬಿರುಕುಗಳು ಬಿಲ್ಲೆಯ ಮೇಲೆ ಎದ್ದ ಗೆರೆಗಳಾಗಿ ಮೂಡಿರುವುದು, ತಗಡು ತೆಳುವಾಗಿರುವುದು, ಹೊಸ ಬಗೆಯ ಸ್ಲೈಡರ್ ಅಂಟಿರುವುದು ಇವಷ್ಟೇ ಅದನ್ನು ಬಯಲಿಗೆಳೆಯಬಲ್ಲವು. ಮರುಒತ್ತೆಂದು ಹೇಳಿ ಅಗ್ಗಕ್ಕೆ ಮಾರಿದ ಬಿಲ್ಲೆಯಲ್ಲಿ ಮೋಸವಿಲ್ಲ. ಮೋಸ ಸೇರಿಕೊಳ್ಳುವುದು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಮಾರಾಟದಲ್ಲಿ, ಆ ಮಾತನ್ನು ಹೇಳದೆ ಬಿಟ್ಟಾಗ.