ಮಗುವಿನ ಜೀವನಾಂಶ: ನಮ್ಮ ಪ್ರಾಂತದ ಒಂದು ಶತಮಾನದ ಕಥೆ

ನಮ್ಮ ಊರುಗಳಲ್ಲಿ ಸಂಸಾರವೊಂದು ಒಡೆದಾಗ ಮಗುವಿನ ಹೊಣೆಯನ್ನು ಬಹುಮಟ್ಟಿಗೆ ತಾಯಿಯ ತವರುಮನೆ ಹೊರುತ್ತದೆ. ತಂದೆಯಿಂದ ಖರ್ಚು ಕೊಡಿಸುವ ಮಾತನ್ನು ಹಿರಿಯರು ಆಡುತ್ತಾರೆ. ನೇಪರ್‌ವಿಲ್‌ನಲ್ಲೋ ಟ್ರಾಯ್‌ನಲ್ಲೋ ಒಂಟಿಯಾಗಿ ನಿಂತ ತಾಯಿಗೆ ತವರೂ ಹತ್ತಿರವಿಲ್ಲ, ಹಿರಿಯರೂ ಇಲ್ಲ. ಅಂಥವರಿಗೆ ಆಸರೆಯಾಗಬಲ್ಲ ಸರಕಾರಿ ವ್ಯವಸ್ಥೆಯು ಬೆಳೆದುಬಂದ ಬಗೆಯನ್ನು ಸದಸ್ಯ ಬಂಧುಗಳ ಮುಂದಿಡಬಯಸುತ್ತೇವೆ.

1911ರಲ್ಲಿ ಇಲಿನಾಯ್ ರಾಜ್ಯವು ಬಡ ತಾಯಂದಿರಿಗೆ ನೆರವು ನೀಡುವ ಕಾಯಿದೆ ತಂದಿತು. ಇಡೀ ರಾಜ್ಯಕ್ಕೆ ಅನ್ವಯಿಸುವ ಇಂಥ ಕಾಯಿದೆ ದೇಶದಲ್ಲಿಯೇ ಮೊದಲನೆಯದು. ಬಡತನವೊಂದೇ ಕಾರಣವಾಗಿ ಮಗು ಅನಾಥಾಲಯ ಸೇರಬಾರದೆಂಬುದು ಅದರ ಆಶಯ. ಆದರೆ 1913ರ ತಿದ್ದುಪಡಿಯು ಗಂಡ ತೊರೆದ ಹೆಂಗಸರನ್ನೂ ಅಮೆರಿಕದ ಪೌರತ್ವವಿಲ್ಲದವರನ್ನೂ ಆ ನೆರವಿನಿಂದ ಹೊರಗಿಟ್ಟಿತು.

ಮಿಶಿಗನ್ ಬೇರೊಂದು ದಾರಿ ಹಿಡಿಯಿತು. 1919ರ ಅಲ್ಲಿನ ಕಾಯಿದೆಯಿಂದ 'ಫ್ರೆಂಡ್ ಆಫ್ ದಿ ಕೋರ್ಟ್', ಎಂದರೆ ನ್ಯಾಯಾಲಯದ ಮಿತ್ರ, ಎಂಬ ಕಚೇರಿ ಹುಟ್ಟಿತು. ವಿಚ್ಛೇದನದ ತೀರ್ಪಿನ ನಂತರವೂ ಮಗುವಿಗೆ ಸಲ್ಲಬೇಕಾದ ಹಣ ಸಲ್ಲುವಂತೆ ನೋಡಿಕೊಳ್ಳುವುದು ಅದರ ಕೆಲಸಗಳಲ್ಲೊಂದು. ಡೆಟ್ರಾಯಿಟ್ ಇರುವ ವೇಯ್ನ್ ಕೌಂಟಿಯಲ್ಲಿಯೂ ನೆರೆಯ ಓಕ್‌ಲ್ಯಾಂಡ್‌ನಲ್ಲಿಯೂ ಆ ಕಚೇರಿ ಇಂದಿಗೂ ಇದೆ.

1975ರ ಜನವರಿ 4ರಂದು ಮಿಶಿಗನ್‌ನವರೇ ಆದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಮಾಡಿದ ಕಾಯಿದೆಯಿಂದ ಈ ಸೇವೆ ದೇಶವ್ಯಾಪಿಯಾಯಿತು. ಸರಕಾರದ ಧನಸಹಾಯ ಪಡೆಯದ ಕುಟುಂಬಗಳೂ ಅರ್ಜಿ ಹಾಕಬಹುದಾಯಿತು. 1988ರ ಕಾಯಿದೆಯು ಸಂಬಳದಿಂದಲೇ ಹಣ ಕಡಿತವಾಗುವ ಕ್ರಮವನ್ನು ಬಲಪಡಿಸಿತು. ಬಾಕಿಯು 2,500 ಡಾಲರ್ ಮೀರಿದರೆ ಇಂದು ಅಮೆರಿಕದ ಪಾಸ್‌ಪೋರ್ಟ್ ಕೂಡ ದೊರೆಯದು. 1913ರಲ್ಲಿ ಹಾಕಲಾಗಿದ್ದ ಪೌರತ್ವದ ತಡೆ ಈ ಸೇವೆಗಿಲ್ಲ. ವೀಸಾದ ಮೇಲಿರುವ ನಮ್ಮ ಸೋದರಿಯರು ಇದನ್ನು ಅವಶ್ಯ ತಿಳಿದಿರಬೇಕು.

ಇದಕ್ಕೊಂದು ಮಿತಿಯೂ ಉಂಟು. ಮಕ್ಕಳ ಜೀವನಾಂಶ ಕುರಿತ 2007ರ ಹೇಗ್ ಒಪ್ಪಂದವು ಅಮೆರಿಕಕ್ಕೆ 2017ರಿಂದ ಅನ್ವಯವಾಗಿದೆ. ಭಾರತ ಅದರಲ್ಲಿ ಸೇರಿಲ್ಲ. ಆದುದರಿಂದ ತಂದೆ ಬೆಂಗಳೂರಿಗೆ ಮರಳಿದರೆ ಇಲ್ಲಿನ ಆದೇಶ ಆ ಒಪ್ಪಂದದ ಮೂಲಕ ಅಲ್ಲಿ ಜಾರಿಯಾಗದು. ಅಲ್ಲಿಯ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಅವರು ಇಲ್ಲಿರುವಾಗಲೇ ಅರ್ಜಿ ಹಾಕುವುದು ಲೇಸು.

ಮಾನಕ್ಕೆ ಅಂಜಿ ಸುಮ್ಮನಿರುವ ಮನೆಗಳು ನಮ್ಮಲ್ಲಿಯೂ ಇರಬಹುದು. ಜೀವನಾಂಶವು ಯಾರೂ ಕೊಡುವ ಭಿಕ್ಷೆಯಲ್ಲ, ಅದು ಮಗುವಿನ ಹಕ್ಕು. ಅಂಥ ಮನೆಯೊಂದು ನಿಮಗೆ ತಿಳಿದಿದ್ದರೆ, ಈ ಕಚೇರಿಯ ಬಾಗಿಲವರೆಗೆ ಅವರ ಜೊತೆಗೆ ಹೋಗಿಬನ್ನಿರೆಂದು ವಿನಂತಿಸುತ್ತೇವೆ.